ಕೆಂಬೂತದ ತುಂಡು ದನಿ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ. ಮಂಜು ಆಗಷ್ಟೇ ಹುಟ್ಟಿತ್ತು. ಬಿಸಿಲು ಬಂದ ಮೇಲೆ ಎದ್ದು ಹೋಗಬೇಕು ಅನ್ನುವ ಬುದ್ಧಿ ಅದಕ್ಕಿನ್ನೂ ಬಂದಿರಲಿಲ್ಲ. ಕಣಿವೆಯಲ್ಲಿ ಕಾಲು ಚಾಚಿ ಕೂತರೆ ಹಗಲಿಡೀ ಕೂತೇ ಇರುತ್ತಿತ್ತು.

ಆ ಕಣಿವೆಯ ಅಂಚಿನ ಪೊದೆಯಲ್ಲಿ ಒಬ್ಬಳು ಕೆಂಬೂತಮ್ಮ ಇದ್ದಳು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ಆಗ ಅವಳ ಕಣ್ಣೂ ಕಪ್ಪೇ. ಇದ್ದವನು ಒಬ್ಬನೇ ಮಗ, ಕೆಂಚ. ಅವನು ಒಂದು ದಿನ ಮಿಡತೆಯ ಹಿಂದೆ ಹಾರುತ್ತಾ ಹಾರುತ್ತಾ ಮಂಜಿನೊಳಗೆ ಹೋಗಿಬಿಟ್ಟ.

"ಕೆಂಚಾ!" ಎಂದು ಕೂಗಿದಳು. ಮಂಜು ಆ ಕೂಗನ್ನು ಗುಳುಂ ಮಾಡಿತು. ಮತ್ತೆ ಕೂಗಿದಳು. ಮತ್ತೆ ಗುಳುಂ.

"ಮಂಜಣ್ಣಾ, ನನ್ನ ಮಗನ್ನ ಕೊಡಪ್ಪಾ!"

"ನಾನೇನು ಹಿಡ್ಕೊಂಡಿಲ್ಲ ಕಣಮ್ಮಾ," ಎಂದಿತು ಮಂಜು. "ಅವನೇ ದಾರಿ ತಪ್ಪಿದಾನೆ. ನಿನ್ನ ದನಿ ಕೇಳಿಸಿದ್ರೆ ಅದರ ಜಾಡಲ್ಲೇ ಬಂದಾನು. ಆದ್ರೆ ತುಂಡು ದನಿ ಸಿಕ್ಕಿದ್ರೆ ನಾನು ನುಂಗಿಬಿಡ್ತೀನಿ. ತುಂಡಾಗದ ದನಿ ಇದ್ರೆ ಮಾತ್ರ ನುಂಗೋಕಾಗಲ್ಲ."

ತುಂಡಾಗದ ದನಿ! ಉಸಿರಾಡುವ ಯಾವ ಜೀವಕ್ಕೆ ಅದು ಸಾಧ್ಯ?

ಕೆರೆಯ ಮುದಿ ಕಪ್ಪೆ, ಕಪ್ಪಜ್ಜನಿಗೆ ಆ ವಿದ್ಯೆ ಗೊತ್ತಿತ್ತು. ಅವನು ಜೊಂಡಿನ ಕೊಳವೆಯೊಂದನ್ನು ಕೊಟ್ಟ. "ನೀರಿಗದ್ದಿ ಊದವ್ವಾ. ಗುಳ್ಳೆ ನಿಲ್ಲಬಾರದು. ಗಂಟಲಲ್ಲಿ ಗಾಳಿ ಕೂಡಿಟ್ಕೋ. ಅದನ್ನ ಹೊರಗೆ ತಳ್ಳೋವಾಗಲೇ ಮೂಗಿನಿಂದ ಹೊಸ ಉಸಿರು ಎಳ್ಕೋ."

ಊದಿದಳು. ಗುಳ್ಳೆ ನಿಂತಿತು. "ಮತ್ತೆ," ಎಂದ ಅಜ್ಜ. ಊದಿದಳು. ಗುಳ್ಳೆ ನಿಂತಿತು. "ಮತ್ತೆ." ಮೀನುಗಳು ಮುಸಿಮುಸಿ ನಕ್ಕವು. ಅವಳಿಗೆ ನಾಚಿಕೆಪಡಲೂ ಪುರುಸೊತ್ತಿರಲಿಲ್ಲ. ಮಗ ಏನು ತಿಂದನೋ, ಎಲ್ಲಿ ಮುದುಡಿ ಕೂತನೋ ಎಂದುಕೊಳ್ಳುತ್ತಲೇ ಮತ್ತೆ ಕೊಳವೆಗೆ ಬಾಯಿಡುತ್ತಿದ್ದಳು. ಊದಿ ಊದಿ ಅವಳ ಕಣ್ಣು ಕೆಂಪೇರಿತು.

ಮೂರನೆಯ ದಿನ ಗುಳ್ಳೆ ನಿಲ್ಲಲಿಲ್ಲ.

ದನಿ ಮಂಜಿನಾಚೆಗೂ ಕೇಳಿಸಬೇಕಾದರೆ ಇನ್ನೂ ದೊಡ್ಡ ಕೊಳವೆ ಬೇಕಿತ್ತು. ಗೆದ್ದಲುಗಳು ಒಂದು ಉದ್ದನೆಯ ಕೊಂಬೆಯನ್ನು ತೋರಿಸಿದವು. "ತಿರುಳು ನಾವು ತಿಂದಾಯ್ತು. ಟೊಳ್ಳು ನೀನಿಟ್ಕೋ ತಾಯಿ."

"ಏನೇ ಕೇಳಿಸಲಿ, ಕೊಂಬೆಯಿಂದ ಬಾಯಿ ತೆಗೀಬೇಡ," ಎಂದು ಕಪ್ಪಜ್ಜ ಎಚ್ಚರಿಸಿದ.

ಅವಳು ಕೊಂಬೆಗೆ ಬಾಯಿಟ್ಟು ಊದಿದಳು. ನೆಲದೊಳಗಿಂದ ಎದ್ದಂತೆ ಊಂ... ಎಂದು ದನಿ ಹೊರಟಿತು. ಕಾಡೆಲ್ಲ ತೆಪ್ಪಗಾಯಿತು. ಮಂಜು ಬಾಯಿ ತೆರೆಯಿತು, ನುಂಗಲಾಗದೆ ಮುಚ್ಚಿತು. ದನಿ ಸಾಗಿತು, ಸಾಗಿತು, ಸಾಗುತ್ತಲೇ ಇತ್ತು.

ನಡು ಮಧ್ಯಾಹ್ನ ಮಂಜಿನೊಳಗಿಂದ ಸಣ್ಣಗೆ ಕೇಳಿಸಿತು: "ಅವ್ವಾ..."

ಅವಳು ಊದುತ್ತಲೇ ಇದ್ದಳು. ಇನ್ನೂ ಹತ್ತಿರದಲ್ಲಿ, "ಅವ್ವಾ!" ಪುಟ್ಟದೊಂದು ಇಟ್ಟಿಗೆ ಬಣ್ಣದ ರೆಕ್ಕೆ ಮಸುಕಾಗಿ ಕಂಡಿತು. ಹೆತ್ತ ಕರುಳು, ಎಷ್ಟು ಹೊತ್ತು ತಡೆದೀತು?

"ಕೆಂಚಾ! ಬಾ ಮಗಾ!"

ದನಿ ತುಂಡಾಯಿತು. ಮಂಜು ಅದನ್ನು ಗುಳುಂ ಮಾಡಿತು. ದನಿಯ ಜಾಡು ತಪ್ಪಿದ ಮರಿ ಅತ್ತ ನೋಡಿತು, ಇತ್ತ ನೋಡಿತು, ಬೆದರಿ ಬೇರೆ ದಿಕ್ಕಿಗೆ ಹಾರಿತು.

ಅವಳು ಮತ್ತೆ ಕೊಂಬೆಗೆ ಬಾಯಿಟ್ಟಳು. ಆದರೆ ಬಿಕ್ಕುವವರಿಗೆ ಉಸಿರು ಕೂಡಿಡಲು ಬರುವುದಿಲ್ಲ. ಪ್ರತಿ ಬಿಕ್ಕಿಗೂ ದನಿ ತುಂಡಾಯಿತು. ಊಪ್. ಊಪ್. ಊಪ್. ಮಂಜು ಒಂದೊಂದನ್ನೇ ನುಂಗಿತು.

ಮಂಜಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಂದಿನಿಂದ ಅದು ಬಿಸಿಲು ಕಂಡ ಕೂಡಲೇ ಎದ್ದು ಹೋಗುತ್ತದೆ. ಆದರೆ ಮೊದಲ ಸಲ ಅದು ಎದ್ದು ಹೋದಾಗ ಕಣಿವೆಯಲ್ಲಿ ಕೆಂಚ ಇರಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ಕೆಂಬೂತ ಕೆಂಪು ಕಣ್ಣು ಬಿಟ್ಟುಕೊಂಡು ಪ್ರತಿ ಪೊದೆಯ ಬುಡದಲ್ಲೂ ಇಣುಕುತ್ತಾ ನಡೆಯುತ್ತದೆ, ಟೊಳ್ಳು ಮರದೊಳಗಿಂದ ಬಂದಂಥ ದನಿಯಲ್ಲಿ ಊಪ್, ಊಪ್, ಊಪ್ ಎಂದು ತುಂಡು ತುಂಡಾಗಿ ಕರೆಯುತ್ತದೆ, ಆಮೇಲೆ ಸುಮ್ಮನೆ ನಿಂತು ಕಿವಿಗೊಡುತ್ತದೆ.