ಊರು ಕೊಟ್ಟೆ ಎಂದ ಅರಸ

"ಕೇಳ್ರಪ್ಪೋ ಕೇಳಿ! ನಮ್ಮ ಅರಸರು ವೀರಮಲ್ಲಪ್ಪನೋರು ಮೂರು ಒಗಟು ಹಾಕ್ತಾರೆ. ಬಿಡಿಸಿದೋರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದೋರ ತಲೆ ಕೋಟೆ ಬಾಗಿಲಲ್ಲಿ ತೂಗುತ್ತೆ!"

ಹೀಗೆ ಡಂಗುರ ಸಾರಿದವನು ತಮಟೆ ಚೌಡ. ಸಾರುತ್ತಿದ್ದರೂ ಅವನ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇರುತ್ತದೆಯೇ? ಹೋದ ವರ್ಷ ಅರಸನ ಮಗನ ಮದುವೆಯಲ್ಲಿ ಚೌಡನ ತಾಯಿ ಸಣ್ಣೀರಮ್ಮ ಹೆಣ್ಣಿನ ಕಡೆಯವರ ಪರವಾಗಿ ಬೀಗರ ಹಾಡು ಹೇಳಿದ್ದಳು: "ಬೀಗನ ಮೀಸೆ ಪೊರಕೆಯಂತೆ, ಒಲೆ ಗುಡಿಸಲಿಕ್ಕೆ ಬೇಕಂತೆ." ಚಪ್ಪರವೆಲ್ಲ ನಕ್ಕಿತು, ಅರಸನೊಬ್ಬ ನಗಲಿಲ್ಲ. "ಅದು ಆಟದ ಮಾತು, ಬುದ್ಧಿ" ಎಂದು ಅವಳು ಕಾಲು ಹಿಡಿದಳು. "ನನ್ನ ರಾಜ್ಯದಲ್ಲಿ ಆಟದ ಮಾತಿಲ್ಲ. ಬಾಯಿಂದ ಬಂದದ್ದೆಲ್ಲ ನಿಜ" ಎಂದು ಅದನ್ನೇ ಶಾಸನ ಬರೆಸಿ, ಅವಳನ್ನು ಗಲ್ಲಿಗೆ ಹಾಕಿಸಿದ. ಥೂ, ಅವನ ದೊರೆತನಕ್ಕಿಷ್ಟು!

ಸಭೆ ಸೇರಿತು. "ಕೇಳುವವನಿಗೆ ಒಂದಕ್ಷರವೂ ತಿಳಿಯದು, ಆದರೂ ಹೇಳಿದಂತೆ ಮಾಡುತ್ತಾನೆ. ಯಾವ ಮಾತದು?" ಎಂದ ಅರಸ. ದೊಡ್ಡ ಪಂಡಿತ "ಮಂತ್ರ" ಎಂದ, ತಲೆ ಹೋಯಿತು. ಪಾಳೆಯಗಾರನೊಬ್ಬ "ಕುದುರೆಗೆ ಹೇಳೋ ಮಾತು" ಎಂದು ಎದೆ ತಟ್ಟಿಕೊಂಡ, ಅವನದೂ ಹೋಯಿತು. ಉಳಿದವರು ಹಿಂದಿನ ಸಾಲಿಗೆ ಸರಿದರು.

ಚೌಡ ತಮಟೆ ಕೆಳಗಿಟ್ಟು ಮುಂದೆ ಬಂದ. "ಜೋಗುಳ, ಬುದ್ಧಿ. ಕೂಸಿಗೆ ಏನು ತಿಳೀತದೆ? ಆದರೂ ಮಲಗ್ತದೆ."

ಅರಸ ಹುಬ್ಬೇರಿಸಿದ. "ಬದುಕಿದ್ದಾಗ ಬೈದವರೂ ಹೊಗಳುತ್ತಾರೆ, ಹೊಗಳಿಸಿಕೊಂಡವನಿಗೆ ಕೇಳಿಸದು."

"ಹೆಣದ ಮುಂದೆ ಹಾಡಿಕೊಂಡು ಅಳೋದು."

"ಹೊರಟವನು ಇದನ್ನೇ ಆಡಬೇಕು. ಮತ್ತೆಂದೂ ಮರಳದವನು ಆಡಿದರೂ ಯಾರೂ ಸುಳ್ಳೆನ್ನರು."

ಚೌಡ ಗೋಣೆತ್ತಿ ಅರಸನನ್ನೇ ನೋಡಿದ. ಗಲ್ಲಿನ ಕಡೆ ನಡೆಯುವಾಗ ಅವ್ವ ಹಿಂತಿರುಗಿ ಹೇಳಿದ್ದು ಅದನ್ನೇ. "'ಬರ್ತೀನಿ' ಅನ್ನೋದು, ಬುದ್ಧಿ. 'ಹೋಗ್ತೀನಿ' ಅಂದರೆ ಅಪಶಕುನ."

"ಭೇಷ್! ಏನು ಬೇಕೋ ಕೇಳು."

"ನನ್ನದೂ ಒಂದು ಒಗಟು ಬಿಡಿಸಿ, ಬುದ್ಧಿ. ಬೈದರೆ ನಗ್ತಾರೆ, ಬೈಯದಿದ್ದರೆ ಮುನಿಸಿಕೊಳ್ತಾರೆ. ಏನದು?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅರಸನ ಮುಖ ಇಳಿಯಿತು. ಉತ್ತರ ಅವನಿಗೆ ಗೊತ್ತಿತ್ತು. ಆದರೆ ಬೀಗರ ಹಾಡು ಎಂದರೆ, ಸಣ್ಣೀರಮ್ಮನನ್ನು ಅನ್ಯಾಯವಾಗಿ ಕೊಂದೆ ಎಂದು ತಾನೇ ಒಪ್ಪಿದಂತೆ. ಜಂಬ ಬಿಡಬೇಕಲ್ಲ! ಒಗಟಿನಲ್ಲಿ ಸೋತವರು "ಊರು ಕೊಟ್ಟೆ" ಎನ್ನುವುದು ವಾಡಿಕೆ. ಮಕ್ಕಳೂ ದಿನಕ್ಕೆ ಹತ್ತೂರು ಕೊಟ್ಟು ಗಂಜಿ ಕುಡಿದು ಮಲಗುತ್ತವೆ. ಅರಸನೂ ನಕ್ಕು, "ಸೋತೆ ಕಣೋ. ತಗೋ, ಊರು ಕೊಟ್ಟೆ" ಎಂದ.

"ಇಸ್ಕೊಂಡೆ" ಅಂದ ಚೌಡ.

"ಲೋ, ಅದು ಒಗಟಿನ ಆಟದಲ್ಲಿ ಆಡೋ ಮಾತು ಕಣೋ!"

"ನಮ್ಮವ್ವಂದು ಮದುವೆ ಮನೇಲಿ ಆಡೋ ಮಾತು. ನಿಮ್ಮ ರಾಜ್ಯದಲ್ಲಿ ಆಟದ ಮಾತಿಲ್ವಲ್ಲ, ಬುದ್ಧಿ."

ಮುದಿ ಮಂತ್ರಿ ಶಾಸನದ ಓಲೆ ಬಿಚ್ಚಿ ಓದಿದ: ಬಾಯಿಂದ ಬಂದದ್ದೆಲ್ಲ ನಿಜ. ಅರಸ ಕಾವಲಿನವರನ್ನು ಕೂಗಿದ. ಆ ಶಾಸನಕ್ಕೆ ಹೆದರಿ ವರ್ಷದಿಂದ ಬೀಗರ ಹಾಡಿಲ್ಲದೆ ಮಕ್ಕಳ ಮದುವೆ ಮಾಡಿದ್ದ ಅವರು ಈಟಿ ಎತ್ತಲಿಲ್ಲ.

ಊರು ಚೌಡನದಾಯಿತು. ಕೋಟೆ ಬಾಗಿಲವರೆಗೂ ಅವನೇ ತಮಟೆ ಬಡಿಯುತ್ತ ಹಳೆಯ ಅರಸನನ್ನು ನಡೆಸಿಕೊಂಡು ಹೋದ. ಹೊಸ್ತಿಲು ದಾಟುವಾಗ ವೀರಮಲ್ಲಪ್ಪ ಹಳೆಯ ಅಭ್ಯಾಸದಿಂದ, "ಬರ್ತೀನಿ" ಎಂದ.

"ಅದು ಬರೀ ವಾಡಿಕೆ ಮಾತು ಕಣಯ್ಯ" ಎಂದ ಚೌಡ. "ನಿಜ ಅಂದ್ಕೊಂಡು ಬಂದುಗಿಂದೀಯ, ಜೋಕೆ!"