ಯಜಮಾನರ ಸೊಟ್ಟ ಹಪ್ಪಳ

ನಮ್ಮೂರ ಹಪ್ಪಳದ ಕಾರ್ಖಾನೆ ಯಜಮಾನರು ಪಟ್ಟಣದಲ್ಲಿ ಅದೇನೋ ತರಬೇತಿ ಮುಗಿಸಿ ಬಂದರು. ಲಟ್ಟಿಸುವ ಹೆಂಗಸರ ಎದುರು ಕುರ್ಚಿ ಹಾಕಿಸಿ ಕೂತು, "ಪ್ರತಿಯೊಬ್ಬರೂ ಒಂದು ಹೊಸ ಉಪಾಯ ಹೇಳಬೇಕು. ಹೇಳದವರು ನಾಳೆಯಿಂದ ಕೆಲಸಕ್ಕೆ ಬರಬೇಡಿ" ಅಂದರು. ಹೆಂಗಸರು ಹೆದರಿ, ಲಟ್ಟಣಿಗೆ ಕೆಳಗಿಟ್ಟು ತಲೆ ತಗ್ಗಿಸಿದರು.

ಅವರಲ್ಲಿ ಸಾಕಮ್ಮ ಎಂಬವಳು ಎದ್ದು ಯಜಮಾನರ ಕೈಗೆ ತನ್ನ ಲಟ್ಟಣಿಗೆ ಕೊಟ್ಟಳು. "ಕೈಯಾಡದೆ ನಮಗೆ ಬಾಯಾಡಲ್ಲ ಯಜಮಾನ್ರೇ. ನೀವೂ ಇಳಿದು ಬಂದು ಒಂದು ಲಟ್ಟಿಸಿ."

ಯಜಮಾನರು ನೆಲದ ಮೇಲೆ ಕೂತು ಲಟ್ಟಿಸಿದರು. ಹಪ್ಪಳ ಎಮ್ಮೆ ಕಿವಿಯ ಹಾಗೆ ಬಂತು.

"ಇದನ್ನ ಯಾರು ಕೊಳ್ತಾರೆ?" ಅಂತ ಅವರೇ ನಕ್ಕುಬಿಟ್ಟರು. ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ಹಿಟ್ಟಿನ ಬಗ್ಗೆ ಹೇಳಿದಳು, ಇನ್ನೊಬ್ಬಳು ಒಣಗಿಸುವ ಚಾಪೆಯ ಬಗ್ಗೆ. ಮಾತು ನಿಲ್ಲಲೇ ಇಲ್ಲ.

"ಸಾಕಮ್ಮ, ನಿನ್ನ ಉಪಾಯ ಹೇಳಲೇ ಇಲ್ಲವಲ್ಲ?"

"ಆಗಲೇ ಕೊಟ್ಟೆನಲ್ಲ ಯಜಮಾನ್ರೇ, ನಿಮ್ಮ ಕೈಯಲ್ಲೇ ಇದೆ."

ಯಜಮಾನರು ಬೆರಗಾಗಿ ಲಟ್ಟಣಿಗೆಯನ್ನೇ ನೋಡುತ್ತಾ ಕೂತರು. ಕುರ್ಚಿಯ ಕಡೆ ತಿರುಗಲೇ ಇಲ್ಲ.