‘ಬಂತು’ ಎಂಬ ಬಟನ್

“ಗುರುಗಳೇ, ಒಂದು ಕಂಪನಿಗೆಂದು ಸಾಫ್ಟ್‌ವೇರಿನ ಪರದೆಗಳನ್ನು ವಿನ್ಯಾಸ ಮಾಡಿಕೊಟ್ಟೆ. ಅಲ್ಲಿನ ಕೆಲಸದವರ ಪಕ್ಕದಲ್ಲೇ ಕೂತು, ಕೇಳಿ ತಿಳಿದುಕೊಂಡು ಮಾಡಿದೆ. ಅವರ ಶ್ರಮ ಎಷ್ಟೋ ಉಳಿಯಿತು. ಆದರೂ ಒಬ್ಬರ ಬಾಯಿಂದಲೂ ಒಂದು ಒಳ್ಳೆಯ ಮಾತು ಬರಲಿಲ್ಲ. ಜನರಿಗೆ ಕೃತಜ್ಞತೆಯೇ ಇಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಮುಖ ಊದಿಸಿಕೊಂಡು ಬಂದಿದ್ದೀಯ. ಕೂತುಕೋ, ಒಂದು ಕತೆ ಕೇಳು” ಎಂದರು.

ಒಬ್ಬ ವರ್ತಕನಿದ್ದ. ಅವನದು ಊದುಬತ್ತಿಯ ಕಾರ್ಖಾನೆ. ಅಲ್ಲಿ ಒಬ್ಬರು ಬತ್ತಿ ಹೊಸೆದರೆ ಇನ್ನೊಬ್ಬರು ಒಣಗಿಸುವರು, ಮತ್ತೊಬ್ಬರು ಪರಿಮಳ ದ್ರವ್ಯದಲ್ಲಿ ಅದ್ದುವರು. ಅವರಲ್ಲೊಂದು ವಾಡಿಕೆಯಿತ್ತು. ಬತ್ತಿಯ ಟ್ರೇ ದಾಟಿಸುವವರು “ತಗೊಳ್ಳಿ” ಅನ್ನಬೇಕು. ತೆಗೆದುಕೊಳ್ಳುವವರು ಬತ್ತಿಯನ್ನು ಮುಟ್ಟಿ ನೋಡಿ “ಬಂತು” ಅನ್ನಬೇಕು. ಆ ಮಾತು ಬರುವವರೆಗೆ ಟ್ರೇಯ ಹೊಣೆ ಕೊಡುವವರದೇ.

ಈ ಕೆಲಸವನ್ನೆಲ್ಲ ಕಂಪ್ಯೂಟರಿಗೆ ತರಲು ವರ್ತಕ ಒಬ್ಬ ವಿನ್ಯಾಸಕನನ್ನು ಕರೆಸಿದ. ಅವನಿಗೆ ಊದುಬತ್ತಿಯ ತಲೆಬುಡ ಗೊತ್ತಿರಲಿಲ್ಲ. ಬತ್ತಿ ಅದ್ದುವ ಹೆಂಗಸು ತನ್ನ ಕೆಲಸ ಬದಿಗಿಟ್ಟು ಅವನಿಗೆ ಎಲ್ಲವನ್ನೂ ತೋರಿಸಿದಳು. ತೋರಿಸಿ ಮುಗಿದಾಗ, “ತಗೊಳ್ಳಪ್ಪ, ನಮ್ಮ ಕೆಲಸ ಇಷ್ಟೇ” ಎಂದಳು. ಅವನು ತಲೆಯಾಡಿಸಿ ಹೊರಟುಹೋದ.

“ತಗೊಳ್ಳಿ”, “ಬಂತು” ಎಂಬ ಮಾತುಗಳು ಅವನಿಗೆ ಬರೀ ಹರಟೆಯಾಗಿ ಕಂಡವು. ಅವಕ್ಕೆ ಪರದೆಯಲ್ಲಿ ಜಾಗ ಕೊಡಲಿಲ್ಲ. ಒಣಗಿಸುವವರು “ಮುಗಿಯಿತು” ಎಂಬ ಬಟನ್ ಒತ್ತಿದರೆ ಸಾಕು, ಟ್ರೇ ತಾನಾಗಿಯೇ ಅದ್ದುವವರ ಹೆಸರಿಗೆ ಹೋಗುತ್ತಿತ್ತು. ವರ್ತಕ ಬೆನ್ನು ತಟ್ಟಿದ. ವಿನ್ಯಾಸಕ ಹಿಗ್ಗಿ ಹೀರೇಕಾಯಿಯಾದ.

ಮಳೆಗಾಲ ಶುರುವಾಯಿತು. ಒಂದು ಮಧ್ಯಾಹ್ನ ಒಣಗಿಸುವವರು ಬಟನ್ ಒತ್ತಿ ಊಟಕ್ಕೆ ಹೋದರು. ಟ್ರೇಗಳು ತಾರಸಿಯ ಮೇಲೇ ಇದ್ದವು. ಟ್ರೇ ದಾಟಿತೆಂದು ಪರದೆ ತೋರಿಸಿದ ಮೇಲೆ ಅವು ತಮ್ಮ ಹೊಣೆಯಲ್ಲ ಎಂದು ಅವರು ತಿಳಿದರು. ಟ್ರೇ ಬಂದಾಗ ತೆಗೆದುಕೊಂಡರಾಯಿತು ಎಂದು ಅದ್ದುವ ಹೆಂಗಸು ಕೆಳಗೆ ಕಾದಿದ್ದಳು. ಅಷ್ಟರಲ್ಲಿ ಮಳೆ ಸುರಿದು, ಹಬ್ಬಕ್ಕೆಂದು ಮಾಡಿದ ಬತ್ತಿಯೆಲ್ಲ ನೆನೆದು ಮುದ್ದೆಯಾಯಿತು.

ವರ್ತಕ ಪರದೆ ನೋಡಿದ. “ಟ್ರೇಗಳೆಲ್ಲ ನಿನ್ನ ಹೆಸರಿನಲ್ಲಿವೆ. ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ” ಎಂದು ಆ ಹೆಂಗಸಿಗೆ ಹೇಳಿದ.

“ಯಜಮಾನರೇ, ನಾನು ‘ಬಂತು’ ಅಂದೇ ಇಲ್ಲವಲ್ಲ” ಎಂದಳು ಆಕೆ.

ವರ್ತಕ ಕರೆಸಿದ್ದ ವಿನ್ಯಾಸಕನೂ ಪಕ್ಕದಲ್ಲೇ ನಿಂತಿದ್ದ; ಪರದೆಯಲ್ಲಿ ತಾನು ಬಿಟ್ಟದ್ದೇನೆಂದು ಅವನಿಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಅವನ ಹೆಸರು ಉಳಿಯುತ್ತಿತ್ತು, ಆಕೆಯ ಅನ್ನ ಹೋಗುತ್ತಿತ್ತು. ಅವನು ಮುಂದೆ ಬಂದು, ತಪ್ಪು ತನ್ನ ಪರದೆಯದು ಎಂದು ಒಪ್ಪಿಕೊಂಡ. ವರ್ತಕ ಅವನಿಗೆ ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾದ ಮೇಲೆ ಆಕೆಯನ್ನು ಕೆಲಸದಲ್ಲಿ ಉಳಿಸಿಕೊಂಡ.

ವಿನ್ಯಾಸಕ ಪರದೆಯಲ್ಲಿ “ಬಂತು” ಎಂಬ ಬಟನ್ ಸೇರಿಸಿದ. ತೆಗೆದುಕೊಳ್ಳುವವರು ಅದನ್ನು ಒತ್ತುವವರೆಗೆ ಟ್ರೇ ಕೊಟ್ಟವರ ಹೆಸರಿನಲ್ಲೇ ಇರುವಂತೆ ಮಾಡಿದ. ಹೊಸ ಪರದೆಯನ್ನು ಮೊದಲು ಆಕೆಯ ಬಳಿಗೇ ಒಯ್ದ. ಅದನ್ನು ವಿವರಿಸಬೇಕೆಂದು ಹೋದವನಿಗೆ ಆಕೆಯ ಮುಖ ಕಂಡೊಡನೆ, ಮೊದಲ ಸಲ ಕೆಲಸ ತೋರಿಸಿ ಆಕೆ ‘ತಗೊಳ್ಳಪ್ಪ’ ಅಂದದ್ದು ನೆನಪಾಯಿತು. ತಾನು ಕಲಿತದ್ದೆಲ್ಲ ಆಕೆ ಕೊಟ್ಟದ್ದು. ಅದಕ್ಕೆ ತಾನು ಒಂದು ಮಾತೂ ಆಡಿರಲಿಲ್ಲ. ಅವನು ಪರದೆಯನ್ನು ಬದಿಗಿಟ್ಟ. ಕೈಮುಗಿದ.

“ಅಮ್ಮ, ಅಂದು ನೀವು ಕೊಟ್ಟದ್ದು ಇಂದು ನನಗೆ ಬಂತು” ಎಂದ.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲೆ ಆಕೆ ಅವನ ಕೆಲಸವನ್ನು ಮೆಚ್ಚಿ ಏನಾದರೂ ಅಂದಳೇ?” ಎಂದು ಶಿಷ್ಯ ಕೇಳಿದ.

“ಅದು ಹಾಗಿರಲಿ, ನಿನಗೆ ಕೆಲಸ ತೋರಿಸಿಕೊಟ್ಟವರಿಗೆ ನೀನು ‘ಬಂತು’ ಅಂದೆಯಾ?” ಎಂದರು ಗುರುಗಳು.